ಪೂಜೆಗೆ ಕೂತ ಲೈಬ್ರರಿ

ನಮ್ಮ ಬೀದಿಯ ಹುಡುಗಿಯೊಬ್ಬಳು ಮೊನ್ನೆ ಪೇಡದ ಡಬ್ಬಿ ಹಿಡಿದು ಮನೆಗೆ ಬಂದಳು. ಗ್ರಂಥಾಲಯದಲ್ಲಿ ಕೆಲಸ ಸಿಕ್ಕಿತಂತೆ. “ಆಂಟೀ, ನೀವೂ ಅದೇ ಕೆಲ್ಸ ಮಾಡಿ ರಿಟೈರ್ ಆದೋರಲ್ವಾ? ಆರಾಮ್ ಅಲ್ವಾ? ಫ್ಯಾನ್ ಕೆಳಗೆ ಕೂತು ಓದ್ತಾ ಇರಬಹುದು” ಎಂದಳು. ನನ್ನ ಬಾಯಿ ತುಂಬ ಪೇಡ ಇತ್ತು, ಹಾಗಾಗಿ ಅವಳು ಬಚಾವಾದಳು.

ಓದುವುದಂತೆ ಓದುವುದು! ನನ್ನ ಸರ್ವೀಸಿನಲ್ಲಿ ಪುಸ್ತಕ ಓದಿದ್ದಕ್ಕಿಂತ ಕುರ್ಚಿ ಹೊತ್ತಿದ್ದೇ ಹೆಚ್ಚು. ಮೈಕು ಕೆಟ್ಟಾಗ ಕಿರುಚಿದ್ದು, ಅತಿಥಿ ಬರದಿದ್ದಾಗ ನಾನೇ ಅತಿಥಿಯಾಗಿದ್ದು, ಸ್ವಾಗತ ಮಾಡಿದವಳೇ ವಂದನಾರ್ಪಣೆಯನ್ನೂ ಮಾಡಿದ್ದು ಎಷ್ಟು ಸಲವೋ. ಲೈಬ್ರರಿ ಎಂದರೆ ಕಾರ್ಯಕ್ರಮ ಕಣೇ ಹುಡುಗಿ, ಪುಸ್ತಕ ಅದರ ಪಕ್ಕದಲ್ಲಿ ಸುಮ್ಮನೆ ಕೂತಿರುತ್ತದೆ. ನನಗೆ ಹೊದಿಸಿದ ಶಾಲುಗಳ ವಿಚಾರ ಇಲ್ಲಿ ಬರೆಯುವುದಿಲ್ಲ. ಅವು ಬೀರುವಿನಲ್ಲಿವೆ, ಚಳಿಗಾಲದಲ್ಲಿ ಯಾರಿಗಾದರೂ ಬೇಕಿದ್ದರೆ ಬಂದು ಒಯ್ಯಲಿ. ನಾನು ಬರೆಯಬೇಕೆಂದಿರುವುದು ಒಂದು ದಸರೆಯ ಕಥೆ. ಆದರೆ ಅಲ್ಲಿಗೆ ಹೇಗೆ ಹೋಗಿ ಬಿದ್ದೆ ಎಂಬುದನ್ನು ಮೊದಲು ಹೇಳಬೇಕು.

ನಾನು ಅರಸೀಕೆರೆಯ ಕೊಬ್ಬರಿ ವ್ಯಾಪಾರಿಯ ಮಗಳು. ಕೆಲಸ ಶುರುವಾದದ್ದೂ ಆ ಕಡೆಯ ಒಂದು ಶಾಖೆಯಲ್ಲೇ. ಮೊದಲ ಕಾರ್ಯಕ್ರಮ ಸಕ್ಕರೆ ಕಾಯಿಲೆಯ ಬಗ್ಗೆ ಡಾಕ್ಟರ ಉಪನ್ಯಾಸ. ಕೊಬ್ಬರಿ ಹರಾಜಿನ ದಿನ ಇಟ್ಟರೆ ನೊಣವೂ ಬರುವುದಿಲ್ಲ ಎಂದು ಗೊತ್ತಿದ್ದರಿಂದ ಬೇರೆ ದಿನ ಇಟ್ಟೆ. ಜನ ಬಂದರು, ಡಾಕ್ಟರೂ ಬಂದರು. ಆದರೆ ನಮ್ಮಲ್ಲಿ ನಾಲ್ಕು ಜನರನ್ನು ಕರೆದು ಬಾಯಿ ಸಿಹಿ ಮಾಡದೆ ಕಳಿಸುವುದುಂಟೇ? ಅಭ್ಯಾಸಬಲ, ಮೈಸೂರುಪಾಕು ತರಿಸಿದ್ದೆ. ವೇದಿಕೆಯ ಮೇಲೆ ಡಾಕ್ಟರು “ಸಿಹಿ ವಿಷ ಇದ್ದಂಗೆ” ಎನ್ನುತ್ತಿದ್ದಾಗ ಹಿಂದಿನ ಸಾಲಿನಿಂದ ತಟ್ಟೆ ಮುಂದೆ ಬರುತ್ತಿತ್ತು. ಯಾರೂ ಬೇಡ ಎನ್ನಲಿಲ್ಲ. ಕೊನೆಗೆ ಒಬ್ಬ ಯಜಮಾನರು ಎದ್ದು ನಿಂತು, “ಡಾಕ್ಟ್ರೇ, ಪಾಪ ಅಷ್ಟೊತ್ತಿಂದ ಮಾತಾಡ್ತಾ ಇದೀರಿ, ತಗಳ್ಳಿ” ಎಂದು ತಟ್ಟೆಯನ್ನು ಮೈಕಿನ ಮುಂದೆಯೇ ಹಿಡಿದರು. ಡಾಕ್ಟರು ತಗೊಂಡರು. ರುಚಿಯಾಗಿದೆ ಎಂದು ಇನ್ನೊಂದನ್ನೂ ತಗೊಂಡರು. ಆವತ್ತು ನಾನು ಕಲಿತ ಪಾಠ: ಜನ ಭಾಷಣಕ್ಕೆ ಬರುವುದಿಲ್ಲ, ಬಂದವರು ಭಾಷಣಕ್ಕೆಂದು ಬಂದಿರುವುದಿಲ್ಲ.

ಆಮೇಲೆ ಬೇಲೂರಿಗೆ ಹೋದೆ. ಅಲ್ಲಿ ಮಕ್ಕಳಿಗೆ ಕಥೆ ಹೇಳಿಸುವ ಕಾರ್ಯಕ್ರಮ ಮಾಡಬೇಕಾಗಿತ್ತು. ಕಥೆ ಹೇಳಲು ದೇವಸ್ಥಾನದ ಗೈಡ್‌ಗಿಂತ ಒಳ್ಳೆಯವರು ಯಾರು ಎಂದು ಒಬ್ಬರನ್ನು ಕರೆತಂದೆ. ಮನುಷ್ಯ ಚೆನ್ನಾಗಿಯೇ ಹೇಳುತ್ತಿದ್ದ. ಆದರೆ ನಿಂತಲ್ಲೇ ನಿಂತು ಹೇಳಿ ಅಭ್ಯಾಸವಿಲ್ಲ! ಹಿಂದೆ ಹಿಂದೆ ಹೆಜ್ಜೆ ಹಾಕುತ್ತ, “ಈ ಕಡೆ ಬನ್ನಿ, ಇಲ್ಲಿ ನೋಡಿ” ಎನ್ನುತ್ತ ಕಪಾಟುಗಳನ್ನೆಲ್ಲ ಸುತ್ತಿಸಿ, ಬಾಗಿಲು ದಾಟಿ ಹೊರಟೇಬಿಟ್ಟ. ಮಕ್ಕಳೂ ಅವನ ಹಿಂದೆ. ನಾನು ರಿಜಿಸ್ಟರಿನಿಂದ ತಲೆ ಎತ್ತುವಷ್ಟರಲ್ಲಿ ಲೈಬ್ರರಿ ಬಣಬಣ. ಅದೇ ಹೊತ್ತಿಗೆ ಬಾಗಿಲಲ್ಲಿ ನಮ್ಮ ಸಾಹೇಬರು ನಿಂತಿದ್ದರು.

“ಏನ್ರೀ ಮೇಡಂ, ಕಾರ್ಯಕ್ರಮ ಎಲ್ಲಿ?”

“ದೇವಸ್ಥಾನದ ಕಡೆ ಹೋಯ್ತು ಸಾರ್.”

ಇವರು ನಮ್ಮ ಮೇಲಧಿಕಾರಿ. ಹೆಸರು ಬರೆಯುವುದಿಲ್ಲ, ಎಲ್ಲೋ ಸುಖವಾಗಿದ್ದಾರೆ, ಇರಲಿ. ನಗು ಎನ್ನುವುದು ಅವರ ಮುಖಕ್ಕೆ ಮಂಜೂರಾಗಿರಲಿಲ್ಲ. ಆವತ್ತಿನಿಂದ ನಾನು ಹೇಳಿದ್ದನ್ನು ಅವರು ನಂಬುವುದನ್ನೇ ಬಿಟ್ಟರು. ಸ್ವಲ್ಪ ದಿನಕ್ಕೆ ನನಗೆ ಹಳ್ಳಿಯ ಶಾಖೆಗೆ ವರ್ಗವಾಯಿತು. ಊರಿನ ಹೆಸರನ್ನೂ ಹೇಳುವುದಿಲ್ಲ. ಹೇಳಿದರೆ ಆ ಊರಿನವರು ನಾಳೆ ಬೆಳಿಗ್ಗೆಯೇ ಟೆಂಪೊ ಮಾಡಿಕೊಂಡು ಬಂದು ನನ್ನ ಬಾಗಿಲಲ್ಲಿ ಇಳಿಯುತ್ತಾರೆ. ಹಳೇಬೀಡಿಗೂ ಹುಲಿಕೆರೆಗೂ ಆಸುಪಾಸಿನಲ್ಲಿ ಎಲ್ಲೋ ಎಂದುಕೊಳ್ಳಿ.

ಅಲ್ಲಿನ ಲೈಬ್ರರಿ ಇದ್ದದ್ದು ತೆಂಗಿನಕಾಯಿ ವ್ಯಾಪಾರಿ ಶಿವಣ್ಣನವರ ಮನೆಯ ಕೆಳಗಿನ ಕೋಣೆಯಲ್ಲಿ. ಮೇಲೆ ಅವರ ಅಟ್ಟ. ಕಾಯಿ ಸುಲಿಯದೆ ಒಂದು ವರ್ಷದಷ್ಟು ಅಟ್ಟದಲ್ಲಿ ಒಣಗಿದರೆ ಒಳಗೆ ಉಂಡೆ ಕೊಬ್ಬರಿಯಾಗುತ್ತದೆ, ಇದು ನಮ್ಮ ಕಡೆಯ ಪದ್ಧತಿ. ಒಂದು ಇಲಿ ಓಡಿದರೆ ಸಾಕು, ನಮ್ಮ ನೆತ್ತಿಯ ಮೇಲೆ ಕಾಯಿಗಳು ಗುಡುಗುಡು ಉರುಳುತ್ತಿದ್ದವು. ಒಂದು ಸಲವಂತೂ ಹಲಗೆಯ ಸಂದಿಯಿಂದ ಒಂದು ಕಾಯಿ ನಿಘಂಟಿನ ಮೇಲೆ ಬಿತ್ತು. ನಿಘಂಟು ಗಟ್ಟಿಮುಟ್ಟು, ಏನೂ ಆಗಲಿಲ್ಲ.

ಆ ಕೋಣೆಯಲ್ಲಿ ವಾರಕ್ಕೊಂದು ಮಧ್ಯಾಹ್ನ ಓದಿನ ಕೂಟ ಶುರು ಮಾಡಿದೆ. ಅಂಗನವಾಡಿ ಟೀಚರ್ ಜಯಮ್ಮ ಗಟ್ಟಿಯಾಗಿ ಓದುವುದು, ಮಿಕ್ಕವರು ಕೇಳುವುದು. ಮೊದಮೊದಲು ಹೆಂಗಸರು ಮಾತ್ರ ಬರುತ್ತಿದ್ದರು. ಅವರ ನಾಯಕಿ ಗೌರಜ್ಜಿ. ರಾಗಿ ಹೊಲ, ಗದ್ದೆ, ದೊಡ್ಡ ಮನೆತನ, ಅದಕ್ಕೆ ತಕ್ಕ ದೊಡ್ಡ ಗಂಟಲು. ಸೊಪ್ಪು ಬಿಡಿಸುತ್ತಲೋ ಹುಣಸೆಹಣ್ಣು ಬಿಡಿಸುತ್ತಲೋ ಕೇಳುತ್ತಿದ್ದರು. ಆಮೇಲೆ ಶಿವಣ್ಣ ಬಾಗಿಲಲ್ಲಿ ನಿಂತು ಕೇಳತೊಡಗಿದರು. ಅವರನ್ನು ಹುಡುಕಿಕೊಂಡು ಬಂದ ರೈತ ತಿಮ್ಮೇಗೌಡರು ಒಳಗೇ ಬಂದು ಕೂತರು. ಹೀಗೆ ಕೋಣೆ ತುಂಬಿತು.

ಹಿಂದೆಲ್ಲ ಕಾರ್ಯಕ್ರಮ ಮಾಡಿದರೆ ವರದಿ ಬರೆದು ಅಂಚೆಗೆ ಹಾಕಿದರೆ ಮುಗಿಯುತ್ತಿತ್ತು. ನಮ್ಮ ಕಾಲದ ಕೊನೆಗೆ ವಾಟ್ಸ್‌ಆ್ಯಪ್ ಬಂತು. ಜಾಗ, ದಿನ, ಗಂಟೆ ಎಲ್ಲ ಮೂಡುವ ಜಿಪಿಎಸ್ ಫೋಟೊ ಕಳಿಸಬೇಕು. ನಾನೂ ಕಳಿಸಿದೆ, ವಾರ ವಾರವೂ. ಒಂದು ದಿನ ಸಾಹೇಬರ ಫೋನು.

“ಏನ್ರೀ ಇದು? ಓದಿನ ಕೂಟ ಅಂತ ಫೋಟೊ ಕಳಿಸ್ತೀರಿ. ಒಬ್ರಾದ್ರೂ ಪುಸ್ತಕದ ಕಡೆ ನೋಡ್ತಿದಾರೇನ್ರೀ? ಎಲ್ಲಾ ಬಾಯ್ ತಕ್ಕೊಂಡು ಸೂರು ನೋಡ್ತಿದಾರೆ!”

ತೆಗೆದು ನೋಡಿದೆ. ನಿಜ. ನಾನು ಫೋಟೊ ತೆಗೆಯಲು ಎದ್ದು ಕುರ್ಚಿ ಎಳೆದಾಗಲೆಲ್ಲ ಮೇಲಿನ ಇಲಿ ಗಾಬರಿಯಾಗಿ ಓಡುತ್ತಿತ್ತು, ಕಾಯಿ ಉರುಳುತ್ತಿದ್ದವು, ಎಲ್ಲರೂ ಮೇಲೆ ನೋಡುತ್ತಿದ್ದರು. ಪ್ರತಿ ಫೋಟೊದಲ್ಲೂ ಊರಿಗೆ ಊರೇ ಆಕಾಶದಿಂದ ಏನೋ ಇಳಿಯುತ್ತಿದೆ ಎಂಬಂತೆ ಕೂತಿತ್ತು. “ಅದು ತೆಂಗಿನಕಾಯಿ ಸಾರ್” ಎಂದೆ. ಅದನ್ನು ಹೇಳದೆ ಇದ್ದಿದ್ದರೆ ವಾಸಿಯಿತ್ತು.

“ಓದೋರಿಲ್ದ ಶಾಖೆ ಇಟ್ಕೊಂಡು ಏನ್ ಮಾಡೋಣ? ಬೇಲೂರಿಗೆ ಸೇರಿಸಿಬಿಡ್ತೀನಿ. ಒಂದ್ ಸಲ ನಾನೇ ಬಂದು ನೋಡ್ತೀನಿ. ಓದೋರು ನನ್ನ ಕಣ್ಣಿಗೆ ಕಂಡ್ರೆ ಸರಿ, ಕಾಣದಿದ್ರೆ ಪುಸ್ತಕ ಹೊರೋಕೆ ಲಾರಿ ಕಳಿಸ್ತೀನಿ” ಎಂದು ಫೋನ್ ಇಟ್ಟರು.

ಮುಂದಿನ ಕೂಟದಲ್ಲಿ ವಿಷಯ ಹೇಳಿದೆ. ಬೇಲೂರಿಗೆ ಬಸ್ಸಿದೆಯಲ್ಲ, ಅಲ್ಲಿಂದಲೇ ಪುಸ್ತಕ ತರಬಹುದು ಎಂದು ಸಮಾಧಾನಕ್ಕೆ ಹೇಳಿದೆ. ಗೌರಜ್ಜಿ ಬಿಡಿಸುತ್ತಿದ್ದ ಸೊಪ್ಪನ್ನು ಪಕ್ಕಕ್ಕೆ ಇಟ್ಟರು.

“ಬೇಲೂರಿಗೆ ಹೋದ್ರೆ ಆಸ್ಪತ್ರೆಗೆ ಹೋಯ್ತೀವಿ, ಇಲ್ಲಾ ಕೋರ್ಟಿಗೆ ಹೋಯ್ತೀವಿ. ಕತೆ ಕೇಳಕ್ಕೆ ಯಾರವ್ವ ಬಸ್ ಹತ್ತಾರು? ಗಂಡಸ್ರಿಗೆ ಅಳ್ಳಿಕಟ್ಟೆ ಐತೆ, ಟೀ ಅಂಗ್ಡಿ ಐತೆ. ನಮ್ಗೆ ಕುಂತ್ಕಳಕ್ಕೆ ಊರಲ್ಲಿ ಇದೊಂದೇ ಜಾಗ ಕಣವ್ವ.”

ಅವರ ದನಿ ಅಷ್ಟು ಸಣ್ಣದಾದದ್ದನ್ನು ನಾನು ಅದೇ ಮೊದಲು ಕೇಳಿದ್ದು. ನನಗೆ ತುಂಬ ಸಂಕಟವಾಯಿತು. ಹೇಗಾದರೂ ಮಾಡಿ ಈ ಕೋಣೆಯನ್ನು ಉಳಿಸಲೇಬೇಕು ಎಂದುಕೊಂಡೆ. ಅಲ್ಲೇ ನೋಡಿ, ನನ್ನ ಬುದ್ಧಿವಂತಿಕೆ ಕೆಲಸ ಮಾಡಿದ್ದು.

ದಸರಾ ಹತ್ತಿರದಲ್ಲಿತ್ತು. ಸಾಹೇಬರು ಯಾವತ್ತು ಬಂದರೂ ಕೋಣೆ ತುಂಬಿರಬೇಕು, ಇಡೀ ಊರಿಗೆ ಲೈಬ್ರರಿ ತಮ್ಮದು ಅನ್ನಿಸಬೇಕು. ಹಾಗಾಗಿ ಸರಸ್ವತಿ ಪೂಜೆ ಇಟ್ಟುಕೊಂಡೆ. ಮಣೆಯ ಮೇಲೆ ನಾಲ್ಕು ಪುಸ್ತಕ ಇಡುವುದು, ಹೂ ಹಾಕುವುದು, ಕಡಲೆ ಉಸಲಿ ಹಂಚುವುದು. ಇಷ್ಟೇ ನನ್ನ ಯೋಜನೆ.

ಪೂಜೆಯ ದಿನ ಗೌರಜ್ಜಿ ಮಣೆ ನೋಡಿ ಸೊಂಟದ ಮೇಲೆ ಕೈ ಇಟ್ಟರು. “ಇದೇನ್ ಮೇಡಮ್ಮ, ನಾಕಕ್ಕೆ ಪೂಜೆ, ಮಿಕ್ಕಿದ್ದೇನು ಮಲತಾಯಿ ಮಕ್ಳಾ?”

“ಅಷ್ಟೂ ಪುಸ್ತಕ ಮಣೆ ಮೇಲೆ ಹಿಡಿಸಲ್ಲ ಅಜ್ಜಿ.”

“ಮಣೆ ಯಾಕೆ? ಅವ್ರು ಇರೋ ಜಾಗ್ದಲ್ಲೇ ಮಾಡಾಣ.”

ನಾನು ಬೇಡ ಎನ್ನುವುದರೊಳಗೆ ಕೆಲಸ ಶುರುವಾಗಿಹೋಯಿತು. ಹೆಂಗಸರು ಕಪಾಟು ಒರೆಸಿದರು. ಪುಸ್ತಕಗಳ ಬೆನ್ನಿಗೆ ಅರಿಶಿನ, ಕುಂಕುಮ. ಶಿವಣ್ಣ ತೋಟದಿಂದ ಚೆಂಡುಹೂವು ತಂದು ಒಂದೊಂದು ಕಪಾಟಿಗೂ ಹಾರ ಹಾಕಿದರು. ತಿಮ್ಮೇಗೌಡರು ಅರಿಶಿನದ ದಾರದಿಂದ ಕಪಾಟುಗಳನ್ನು ಅಡ್ಡಡ್ಡ ಸುತ್ತಿ ಗಂಟು ಹಾಕಿದರು. ನಿಘಂಟಿಗೆ ವಯಸ್ಸಿಗೆ ಮರ್ಯಾದೆ ಕೊಟ್ಟು ಬೇರೆಯೇ ಒಂದು ಹಾರ. ಮಂಗಳಾರತಿಯಾಯಿತು. ಅಷ್ಟು ಜನ ನನ್ನ ಸರ್ವೀಸಿನಲ್ಲೇ ಯಾವ ಲೈಬ್ರರಿಗೂ ಬಂದದ್ದಿಲ್ಲ. ನನಗೆ ಆನಂದವೋ ಆನಂದ. ಉಸಲಿಯನ್ನು ಎರಡು ಸಲ ಹಾಕಿಸಿಕೊಂಡು ತಿಂದೆ.

ಮಾರನೆಯ ದಿನ ಬೆಳಿಗ್ಗೆ ಫೋನು ಬಂತು. “ಬೇಲೂರಿಂದ ಹೊರಟಿದೀನಿ. ನಿಮ್ಮ ಓದುಗರನ್ನ ಕೂರಿಸಿ. ಓದ್ತಾ ಇರಬೇಕು, ತಿಳೀತಾ?”

ನಾನು ಓಡಿಹೋಗಿ ಎಲ್ಲರನ್ನೂ ಕರೆತಂದೆ. ಕಪಾಟಿನ ದಾರಕ್ಕೆ ಕೈ ಹಾಕಿದೆನೋ ಇಲ್ಲವೋ, ಗೌರಜ್ಜಿ ಕೂಗಿದರು. “ಏಯ್! ಏನ್ ಮಾಡ್ತಿದೀರಾ?”

ಆಗ ತಲೆಗೆ ಹೊಳೆಯಿತು. ಸರಸ್ವತಿ ಪೂಜೆಗೆ ಇಟ್ಟ ಪುಸ್ತಕವನ್ನು ವಿಜಯದಶಮಿಯವರೆಗೆ ಮುಟ್ಟುವ ಹಾಗಿಲ್ಲ, ಓದುವ ಹಾಗಂತೂ ಇಲ್ಲವೇ ಇಲ್ಲ. ಚಿಕ್ಕಂದಿನಲ್ಲಿ ಲೆಕ್ಕದ ಪುಸ್ತಕವನ್ನೇ ಮೊದಲು ಹುಡುಕಿ ಪೂಜೆಗೆ ಇಡುತ್ತಿದ್ದವಳು ನಾನು! ಅಂಥವಳು ಇಡೀ ಲೈಬ್ರರಿಯನ್ನೇ ಪೂಜೆಗೆ ಕೂರಿಸಿ ಓದಿನ ತಪಾಸಣೆಗೆ ಸಾಹೇಬರನ್ನು ಕಾಯುತ್ತಿದ್ದೆ. ತಲೆಯ ಮೇಲೆ ಕೈ ಹೊತ್ತು ಕೂತೆ.

“ಅಜ್ಜಿ, ಒಂದೇ ಒಂದು ಪುಸ್ತಕ. ಇಲ್ದಿದ್ರೆ ಲೈಬ್ರರಿ ಮುಚ್ಚಿ ಹೋಗತ್ತೆ.”

“ಅಮ್ಮನೋರು ಕುಂತವ್ರೆ. ಎಬ್ಬಿಸಿ, ಸಾಹೇಬ್ರು ಬಂದವ್ರೆ ಏಳವ್ವಾ ಅಂತ ಅನ್ನಾದಾ?”

“ಪೇಪರ್ ಓದೋಣ, ಅದು ಇವತ್ತಿಂದು, ಪೂಜೆಗೆ ಇಟ್ಟಿಲ್ಲ” ಎಂದರು ಜಯಮ್ಮ. ನನಗೆ ಹೋದ ಜೀವ ಬಂದಂತಾಯಿತು. ಪೇಪರ್ ಎಲ್ಲಿ ಎಂದು ಹುಡುಕಿದರೆ, ತಿಮ್ಮೇಗೌಡರು ತಲೆ ಕೆರೆದುಕೊಂಡರು. “ಬೆಳಿಗ್ಗೆ ಬಂತು. ಅದನ್ಯಾಕೆ ಬಿಡಾದು ಅಂತ ನಾನೇ ಕುಂಕುಮ ಇಟ್ಟು ಅಮ್ಮನೋರ ಮುಂದೆ ಮಡಗ್ದೆ.”

“ನಿನ್ ಭಕ್ತಿಗೆ ಬೆಂಕಿ ಬೀಳ! ಇವತ್ತಿನ ಕೊಬ್ಬರಿ ರೇಟು ನಾನಿನ್ನೂ ನೋಡಿರ್ಲಿಲ್ಲ ಕಣ್ಲಾ” ಎಂದರು ಶಿವಣ್ಣ. ಅಷ್ಟರಲ್ಲಿ ಜೀಪಿನ ಸದ್ದು ಕೇಳಿಸಿತು.

ಸಾಹೇಬರು ಬಾಗಿಲಿಗೆ ಬಂದರು. ಊದುಬತ್ತಿಯ ಹೊಗೆ, ಹಾರ, ನೆಲದ ಮೇಲೆ ರಂಗೋಲಿ. ಅವರಿಗೇ ಗೊತ್ತಿಲ್ಲದಂತೆ ಬೂಟು ಬಿಚ್ಚಿದರು. ಆಮೇಲೆ ತಪಾಸಣೆಗೆ ಬಂದದ್ದು ನೆನಪಾಗಿ ಸಿಟ್ಟಾದರು. “ಇದೇನ್ರೀ, ಲೈಬ್ರರಿನೋ ಗುಡಿನೋ?”

ಕೋಣೆ ಕಿಕ್ಕಿರಿದಿತ್ತು. ಎಲ್ಲರೂ ಕೈ ಕಟ್ಟಿ ಕೂತಿದ್ದರು. ಯಾರ ಕೈಯಲ್ಲೂ ಒಂದು ಹಾಳೆಯಿಲ್ಲ.

“ಸರಿ, ಓದಿ” ಎಂದರು ಸಾಹೇಬರು.

“ಓದಂಗಿಲ್ಲ ಸ್ವಾಮಿ” ಎಂದರು ಗೌರಜ್ಜಿ.

“ಓದಂಗಿಲ್ವಾ?” ಎಂದು ಸಾಹೇಬರು ಕಪಾಟಿನತ್ತ ಕೈ ಚಾಚಿದರು. “ಅಯ್ಯಯ್ಯೋ!” ಎಂದು ಇಡೀ ಕೋಣೆ ಒಂದೇ ಉಸಿರಿನಲ್ಲಿ ಕೂಗಿತು. ಸಾಹೇಬರ ಕೈ ಹಾರದ ಹತ್ತಿರವೇ ನಿಂತಿತು. ಅರಿಶಿನದ ದಾರ ನೋಡಿದರು. ದಿನ ಲೆಕ್ಕ ಹಾಕಿದರು ಅಂತ ಕಾಣುತ್ತದೆ, ಮೆಲ್ಲಗೆ ಕೈ ಹಿಂದಕ್ಕೆ ತೆಗೆದುಕೊಂಡರು. “ನಮ್ಮಮ್ಮ ಇದ್ದಿದ್ರೆ ಈಗ ಬಾರಿಸಿರೋರು” ಎಂದು ಗೊಣಗಿದರು. ಮನುಷ್ಯರೇ ಇವರೂ ಎಂದು ನನಗೆ ಮೊದಲ ಬಾರಿಗೆ ಅನ್ನಿಸಿತು.

ಆದರೆ ಪಟ್ಟು ಬಿಡುವವರಲ್ಲ. ಕುರ್ಚಿಯ ಮೇಲೆ ಕೂತು, “ಹೋಗ್ಲಿ. ಹಿಂದಿನ ವಾರ ಏನು ಓದಿದ್ರಿ, ಅದನ್ನಾದ್ರೂ ಹೇಳಿ. ಕೇಳಿದ್ದು ನಿಜ ಆಗಿದ್ರೆ ಹೇಳೋಕೆ ಬರಬೇಕಲ್ಲ” ಎಂದರು.

ಕೆಟ್ಟೆ ಎಂದುಕೊಂಡೆ. ಏಕೆಂದರೆ ಹಿಂದಿನ ವಾರ ಓದಿದ್ದು ಯಾವ ಮಹಾಕಾವ್ಯವೂ ಅಲ್ಲ, ಒಂದು ಪತ್ತೇದಾರಿ ಕಾದಂಬರಿ. ಕಾಫಿ ತೋಟದ ಸಾಹುಕಾರನ ಕೊಲೆ. ಅದನ್ನೂ ಪೂರ್ತಿ ಮುಗಿಸಿರಲಿಲ್ಲ. ಅಟ್ಟದ ಇಲಿ ಕೆಳಗಿಳಿದು ಕೊನೆಯ ಪುಟಗಳನ್ನು ತಿಂದುಹಾಕಿತ್ತು. ಪತ್ತೇದಾರ ಎಲ್ಲರನ್ನೂ ಹಜಾರದಲ್ಲಿ ಕೂರಿಸಿ, “ಕೊಲೆಗಾರ ಈ ಕೋಣೆಯಲ್ಲೇ ಇದ್ದಾನೆ” ಎನ್ನುವ ಕಡೆಗೆ ಪುಸ್ತಕ ನಿಂತಿತ್ತು. ಊರು ಆವತ್ತಿನಿಂದ ಎರಡು ಮೂರು ಪಾಲಾಗಿತ್ತು.

ಜಯಮ್ಮ ಎದ್ದು, “ಸಾಹುಕಾರ್ರು ಸತ್ತೋಗಿರ್ತಾರೆ ಸಾರ್...” ಎಂದು ಶುರು ಮಾಡಿದರು.

“ಸಾಯ್ಸಿದ್ದು ಅವನ ಪಾರ್ಟ್‌ನರ್ರು” ಎಂದರು ಶಿವಣ್ಣ. “ವ್ಯಾಪಾರದಲ್ಲಿ ಅಷ್ಟು ನಯವಾಗಿ ಮಾತಾಡೋನು ಕಳ್ಳನೇ ಆಗಿರ್ತಾನೆ.”

“ಪಾರ್ಟ್‌ನರ್ರು ಆವತ್ತು ಮಡಿಕೇರೀಲಿದ್ದ ಕಣಯ್ಯಾ, ಸರಿಯಾಗಿ ಕೇಳಿಸ್ಕಂಡಿದ್ದೀಯಾ? ತಮ್ಮನೇ ಸಾಯ್ಸಿರಾದು. ಬೇಲಿ ಜಗಳ ಬಂದ ಅಧ್ಯಾಯದಲ್ಲೇ ನಂಗೆ ಗೊತ್ತಾಯ್ತು” ಎಂದರು ತಿಮ್ಮೇಗೌಡರು.

“ನಿಂಗೆ ಎಲ್ಲಾದ್ರಲ್ಲೂ ಬೇಲಿನೇ ಕಾಣಾದು” ಎಂದು ಗೌರಜ್ಜಿ ಎದ್ದರು. “ಅಡಿಗೆಯೋನು ಕಣ್ರಲಾ! ಹಾಲಿಗೆ ಏಲಕ್ಕಿ ಹಾಕ್ದ ಅಂತ ಓದ್ಲಿಲ್ವಾ ಜಯಮ್ಮ? ರಾತ್ರಿ ಕುಡಿಯೋ ಹಾಲಿಗೆ ದಿನಾ ಹಾಕ್ದೆ ಇದ್ದೋನು ಆವತ್ತು ಯಾಕೆ ಹಾಕ್ದ? ವಿಷದ ವಾಸ್ನೆ ಮುಚ್ಚಕ್ಕೆ!”

ಕೋಣೆಯಲ್ಲಿ ಜಗಳ ಹತ್ತಿಕೊಂಡಿತು. ಅಧ್ಯಾಯ ಅಧ್ಯಾಯವೇ ಎಳೆದು ತಂದರು. ಯಾರ ಕೈಗೆ ಗಾಯವಿತ್ತು, ನಾಯಿ ಯಾಕೆ ಬೊಗಳಲಿಲ್ಲ, ಕಿಟಕಿ ಒಳಗಿಂದ ಮುಚ್ಚಿತ್ತೋ ಹೊರಗಿಂದಲೋ. ನಾನು ಸಾಹೇಬರ ಮುಖ ನೋಡುವ ಧೈರ್ಯವಿಲ್ಲದೆ ನಿಘಂಟಿನ ಹಾರವನ್ನು ಸರಿ ಮಾಡುತ್ತಿದ್ದೆ. ಇನ್ನು ಲಾರಿ ಬರುವುದೇ ಸೈ ಎಂದುಕೊಂಡೆ.

“ಅಡುಗೆಯವನಲ್ಲ!” ಎಂದು ಒಂದು ದನಿ ಕೇಳಿಸಿತು.

ತಿರುಗಿದೆ. ಸಾಹೇಬರು ಕುರ್ಚಿಯಿಂದ ಎದ್ದು ನಿಂತಿದ್ದರು. “ಅಡುಗೆಯವನು ಹೇಗಾಗ್ತಾನ್ರೀ ಅಜ್ಜಿ? ಆ ಏಲಕ್ಕಿ ಸುಮ್ನೆ ನಮ್ಮ ದಾರಿ ತಪ್ಪಿಸೋಕೆ ಇಟ್ಟಿರೋದು!”

ಎಲ್ಲರೂ ಅವರತ್ತ ತಿರುಗಿದರು. ಗಂಭೀರ ಸಾಹಿತ್ಯ ಬಿಟ್ಟು ಬೇರೇನನ್ನೂ ಓದುವುದು ಕಾಲಹರಣ ಎಂದು ನಮಗೆಲ್ಲ ಗಂಟೆಗಟ್ಟಲೆ ಭಾಷಣ ಮಾಡುತ್ತಿದ್ದವರು ಇವರು. ಅವರ ಕಿವಿ ಕೆಂಪಾಯಿತು.

“ಸ್ವಾಮಿ, ನೀವು ಅದನ್ನ ಓದಿದೀರಾ?” ಎಂದರು ಗೌರಜ್ಜಿ.

“ಕಾಲೇಜಲ್ಲಿದ್ದಾಗ...”

“ಕೊನೇವರ್ಗೂ?”

“ಕೊನೇವರ್ಗೂ.”

ಎಲ್ಲರೂ ಕುಳಿತಲ್ಲಿಂದಲೇ ಮುಂದಕ್ಕೆ ಜರುಗಿದರು. “ಯಾರು ಹೇಳ್ಬುಡಿ ಬುದ್ಧಿ, ನಮ್ಮದ್ರ ಕೊನೇ ಹಾಳೆಗಳ್ನ ಇಲಿ ತಿಂದ್ಬುಡ್ತು, ಪುಣ್ಯ ಬತ್ತದೆ” ಎಂದರು ತಿಮ್ಮೇಗೌಡರು. ಸಾಹೇಬರು ಬಾಯಿ ತೆರೆದರು. ನಂತರ ಹಾರ ಹಾಕಿಕೊಂಡು ಕೂತಿದ್ದ ಕಪಾಟುಗಳನ್ನು ನೋಡಿದರು. ಬಾಯಿ ಮುಚ್ಚಿಕೊಂಡರು.

“ಉಹೂಂ. ಪುಸ್ತಕ ಪೂಜೇಲಿದೆ. ಒಳಗಿರೋದನ್ನ ಈಗ ಬಾಯಲ್ಲಿ ಹೇಳಿದ್ರೂ ಓದಿದ ಹಾಗೇ. ನನ್ನ ಹತ್ರ ಮನೇಲಿ ಒಂದು ಪ್ರತಿ ಇದೆ, ಇಲಿ ತಿನ್ನದೇ ಇರೋದು. ವಿಜಯದಶಮಿ ಕಳೆದ ಮೇಲೆ ನಾನೇ ತಂದು ಓದ್ತೀನಿ.”

“ಎಲ್ಲಿಗೆ ತತ್ತೀರಾ?” ಎಂದರು ಗೌರಜ್ಜಿ. ಅವರ ದನಿ ಮತ್ತೆ ಸಣ್ಣದಾಗಿತ್ತು. “ಇಲ್ಲಿಗಾ, ಬೇಲೂರಿಗಾ?”

ಸಾಹೇಬರು ಕೋಣೆಯ ತುಂಬ ಕೂತವರನ್ನು ಒಮ್ಮೆ ನೋಡಿದರು. “ಇಲ್ಲಿಗೇ ಅಜ್ಜಿ. ಜಗಳ ಆಡೋರು ಇಲ್ಲೇ ಇರೋವಾಗ ಬೇಲೂರಲ್ಲಿ ಯಾರಿಗೆ ಓದಲಿ?” ಎಂದು ಬೂಟು ಹಾಕಿಕೊಳ್ಳಲು ಹೊರಟರು.

ನಾನು ಕಪಾಟಿನ ಹಿಂದೆ ಹೋಗಿ ಅತ್ತೆ. ಹೇಳಿಕೊಳ್ಳಲು ನಾಚಿಕೆಯೇನಿಲ್ಲ, ಸಂತೋಷವಾಗಿತ್ತು, ಅತ್ತೆ.

ಮಾತಿಗೆ ತಪ್ಪದೆ ಅವರು ಬಂದರು, ಬ್ಯಾಗಿನಲ್ಲಿ ಪುಸ್ತಕ ಹಿಡಿದು. ಶಾಖೆಯನ್ನು ಅಲ್ಲೇ ಉಳಿಸುವುದೆಂದು ಬರೆದಾಗಿದೆ ಎಂದು ನನಗೆ ಮಾತ್ರ ಕೇಳುವಂತೆ ಹೇಳಿ, ಕುರ್ಚಿ ಬಿಟ್ಟು ಎಲ್ಲರ ಜೊತೆ ಚಾಪೆಯ ಮೇಲೆ ಕೂತು, ಗಂಟಲು ಸರಿಮಾಡಿಕೊಂಡು ಕೊನೆಯ ಅಧ್ಯಾಯ ಓದಿದರು. ಪಾರ್ಟ್‌ನರ್ ಅಲ್ಲ, ತಮ್ಮ ಅಲ್ಲ, ಅಡುಗೆಯವನಲ್ಲ. ಕೊಂದದ್ದು ಅದುವರೆಗೆ ಕಥೆಯಲ್ಲಿ ಕೆಮ್ಮುತ್ತ ಕೂತಿದ್ದ ಸೋದರಮಾವ.

ಚಪ್ಪಾಳೆ ಬರುತ್ತದೆಂದು ಸಾಹೇಬರು ಪುಸ್ತಕ ಮುಚ್ಚಿ ಕಾದರು.

“ಥೂ!” ಎಂದರು ಗೌರಜ್ಜಿ. “ಆ ಬಡಪಾಯಿ ಮುದುಕನ್ನ ಕೊಲೆಗಾರ ಮಾಡವ್ರಲ್ಲ, ಬರ್ದೋನಿಗೆ ಬುದ್ಧಿ ಐತಾ? ಎದ್ದು ನಿಲ್ಲಕ್ಕೇ ಆಗ್ದೋನು ಕಿಟಕಿ ಹತ್ತಾನಾ?”

“ಹೌದು, ಇದು ಒಪ್ಪೋ ಮಾತಲ್ಲ” ಎಂದರು ಶಿವಣ್ಣ. ತಿಮ್ಮೇಗೌಡರೂ ತಲೆಯಾಡಿಸಿದರು. ಊರು ಎಷ್ಟೋ ದಿನಗಳ ಮೇಲೆ ಒಂದಾಯಿತು.

“ಅದು ನಾನು ಬರ್ದಿದ್ದಲ್ಲ ಅಜ್ಜಿ” ಎಂದರು ಸಾಹೇಬರು, ಬೈಸಿಕೊಂಡವರಂತೆ.

“ನೀವು ಬರೀಲಿಲ್ಲ, ಸರಿ. ಆರ್ಸ್ಕಂಡು ತಂದೋರು ನೀವೇ ತಾನೆ? ಮುಂದಿನ ವಾರ ಬರಾಗ ಚೆನ್ನಾಗಿರಾದು ಒಂದು ತನ್ನಿ.”

ಸಾಹೇಬರು ಪುಸ್ತಕವನ್ನು ಬ್ಯಾಗಿಗೆ ಹಾಕಿ, ನನ್ನ ಹತ್ತಿರ ಬಂದು, ಪಿಸುದನಿಯಲ್ಲಿ ಕೇಳಿದರು: “ಮುಂದಿನ ವಾರ ಎಷ್ಟು ಗಂಟೆಗ್ರೀ ಮೇಡಂ?”